ತೇಪೆಯ ಚರ್ಮ ಯಾರದು?

ನಂಜನಗೂಡಿನ ದೇವರನ್ನು ಟಿಪ್ಪು ಸುಲ್ತಾನ್ 'ಹಕೀಮ್ ನಂಜುಂಡ' ಎಂದು ಕರೆದನೆಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ಪಟ್ಟದಾನೆಯ ಕಣ್ಣು ವಾಸಿಯಾದುದಕ್ಕೆ ಪಚ್ಚೆಯ ಲಿಂಗ ಅರ್ಪಿಸಿದನಂತೆ.

ಅದೇ ಕಾಲದ ಇನ್ನೊಂದು ಸಂಗತಿ ಕಹಿಯಾದುದು. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಪುಣೆಯ ಕಡೆಯ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನೇ ಇಳಿಸಿ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಅಚ್ಚುಮಾಡಿತು. 1814ರಲ್ಲಿ ಅಲ್ಲಿನ ವೈದ್ಯ ಕಾರ್ಪ್ಯೂ ಅದೇ ವಿಧಾನ ಅನುಸರಿಸಿದ.

ಕಾವಸ್‌ಜಿಗೆ ಹಾಕಿದ್ದು ಅವನದೇ ಚರ್ಮ. ಇಂದು ಹೊಟ್ಟೆಯ ದೊಡ್ಡ ಹರ್ನಿಯಾಕ್ಕೆ ಬರಿಯ ಹೊಲಿಗೆ ಸಾಲದೆ ಜಾಲರಿ ಇಡುತ್ತಾರೆ. 1950ರ ದಶಕದ ಕೊನೆಯಿಂದ ಅದು ಪ್ಲಾಸ್ಟಿಕ್ಕಿನದು. ಸೋಂಕಿರುವ ಕಡೆ ಪ್ಲಾಸ್ಟಿಕ್ ತೊಂದರೆ ಕೊಟ್ಟೀತೆಂದು, ಹಂದಿಯ ಚರ್ಮ, ದನದ ಹೃದಯದ ಪೊರೆ, ಮೃತರ ಚರ್ಮಗಳಿಂದ ಜೀವಕೋಶಗಳನ್ನು ತೆಗೆದು ಮಾಡಿದ ತೇಪೆಗಳು ಆಮೇಲೆ ಬಂದವು.

ಹಂದಿಯೆಂದರೆ ನಮಗೆ, ದನವೆಂದರೆ ನೆರೆಯವರಿಗೆ ಮನಸ್ಸು ಹಿಂಜರಿಯುತ್ತದೆ. ಜೀವ ಉಳಿಸುವ ಜರೂರತ್ತಿನಲ್ಲಿ ನಿಷಿದ್ಧಕ್ಕೂ ರಿಯಾಯಿತಿಯಿದೆ, ನಿಜ. ಆದರೆ ಜರೂರತ್ತು ಎಷ್ಟು? ಸೋಂಕಿನ ಅಪಾಯವಿದ್ದ 253 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಹರ್ನಿಯಾ ಮರುಕಳಿಸಿದ್ದು ಹಂದಿಚರ್ಮದ ತೇಪೆಯವರಲ್ಲಿ ಶೇ. 20.5, ಪ್ಲಾಸ್ಟಿಕ್ಕಿನವರಲ್ಲಿ ಶೇ. 5.6. ಬೆಲೆಯಲ್ಲೂ ಪ್ಲಾಸ್ಟಿಕ್ಕೇ ಅಗ್ಗ.

ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ ಭತ್ತದ ಮೂಟೆ ಹೊರುವವನಿಗೂ ಕೇಳುವ ಹಕ್ಕಿದೆ: "ಡಾಕ್ಟ್ರೇ, ಇದು ಯಾವುದರಿಂದ ಮಾಡಿದ್ದು? ಬೇರೆ ಇಲ್ವಾ?" ಬಿಡಿಸಿ ಹೇಳಿ, ಒಪ್ಪಿಗೆ ಪಡೆದು ಕತ್ತರಿ ಹಿಡಿಯುವವನೇ ಹಕೀಮ.