ಕಾಡಾರಂಭದಲ್ಲಿ ಕಾಡು ಎಲ್ಲಿದೆ?

ವಿಜಯನಗರ ಕಾಲದ ದಾನಶಾಸನಗಳನ್ನು ಓದುವವರಿಗೆ ಒಂದು ಪಟ್ಟಿ ಬಾಯಿಪಾಠವಾಗಿರುತ್ತದೆ: ಗದ್ದೆ, ಬೆದ್ದಲು, ತೋಟ, ತುಡಿಕೆ, ಅಣೆ, ಅಚ್ಚುಕಟ್ಟು, ಕಾಡಾರಂಭ, ನೀರಾರಂಭ. ಊರನ್ನು ದಾನ ಕೊಟ್ಟಾಗ ಅದರಲ್ಲಿ ಏನೇನು ಸೇರಿದೆ ಅಂತ ಹೇಳುವ ಪಟ್ಟಿ ಇದು. ಶಾಸನ ಓದಲು ಶುರುಮಾಡಿದ ಹೊಸತರಲ್ಲಿ ನಾನು ಕಾಡಾರಂಭ ಅಂದರೆ ಕಾಡಿನೊಳಗಿನ ಬೇಸಾಯ, ಅಂದರೆ ಕುಮರಿ ಎಂದೇ ತಿಳಿದಿದ್ದೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಹಾಗೇ ಬರೆದಿಟ್ಟಿದ್ದೆ ಕೂಡ. ಅದು ತಪ್ಪು. ಆರಂಭ ಅಂದರೆ ಬೇಸಾಯ. ‘ಆರಂಬ ಮಾಡೋದು’ ಅಂತ ಹಳ್ಳಿ ಮಾತಿನಲ್ಲಿ ಈಗಲೂ ಇದೆ. ನೀರಾರಂಭ ಕೆರೆ ಕಾಲುವೆಯ ನೀರಿನ ಬೇಸಾಯ, ಕಾಡಾರಂಭ ಮಳೆ ನಂಬಿದ ಬೇಸಾಯ. ಆ ಪದದಲ್ಲಿ ನಾವು ಹುಡುಕುವ ಕಾಡು ಇಲ್ಲ. ನನ್ನ ಹಾಗೆ ಗುರುವಿಲ್ಲದೆ ಕಲಿಯುವವರು ಮೊದಲು ಜಾರುವುದು ಇಂಥ ಕಡೆಯೇ.

ಹಾಗಾದರೆ ರೈತನ ಕಾಡು ಎಲ್ಲಿ ಹೋಯ್ತು? ಈ ಪ್ರಶ್ನೆ ನನಗೆ ಎದುರಾದದ್ದು ಶಿರಸಿ ಸೀಮೆಯ ನಮ್ಮ ದೊಡ್ಡಪ್ಪನ ಮನೆ ಜಗಲಿಯಲ್ಲಿ. ಇಬ್ಬರು ಮಕ್ಕಳಿಗೆ ಪಾಲು ಮಾಡುವ ಮಾತು ನಡೆದಿತ್ತು. ಇಂಜಿನಿಯರ್ ಅಂತ ಅಳತೆಯ ಕೆಲಸ ನನ್ನ ತಲೆಗೆ ಬಂತು. ಊಟದ ನಂತರ ಸುಮ್ಮನೆ ಕೂರಲಾರದೆ ಲ್ಯಾಪ್‌ಟಾಪಿನಲ್ಲಿದ್ದ ನನ್ನ ಶಾಸನದ ತೋಟಗಳ ಪಟ್ಟಿಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಮಲೆನಾಡಿನ ಶಾಸನಗಳಲ್ಲಿ ತೋಟವನ್ನು ಮತ್ತರು, ಕಮ್ಮಗಳಲ್ಲಿ ಅಳೆದದ್ದೂ ಉಂಟು, ಅಡಿಕೆ ಮರ ಎಣಿಸಿ ಹೇಳಿದ್ದೂ ಉಂಟು. ಮತ್ತರಿನ ಅಳತೆ ಗಳೆಯ ಉದ್ದದ ಮೇಲೆ ಹೋಗುತ್ತದೆ, ಊರಿಂದೂರಿಗೆ ಬೇರೆ. ಹಾಗಾಗಿ ಮರದ ಲೆಕ್ಕವೇ ನನಗೆ ಇಷ್ಟ. ಒಂಬತ್ತು ಅಡಿ ಅಂತರಕ್ಕೆ ಎಕರೆಗೆ ಸುಮಾರು 540 ಮರ. ಸಾವಿರ ಮರದ ತೋಟ ಅಂದರೆ ಎರಡು ಎಕರೆಗೂ ಕಡಿಮೆ. ಹೀಗೆ ಲೆಕ್ಕ ಹಾಕಿ ಆದಾಯದವರೆಗೂ ಹೋಗಿದ್ದೆ.

ದೊಡ್ಡಪ್ಪ ಕನ್ನಡಕ ತೆಗೆದು, “ತೋಟದ ಲೆಕ್ಕ ಆತು ತಮಾ. ಬೆಟ್ಟ ಎಲ್ಲಿದ್ದು?” ಅಂದರು.

ಅವರು ಕೇಳಿದ್ದು ಸೊಪ್ಪಿನಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟ ಕಣಿವೆಯಲ್ಲಿರುತ್ತದೆ, ಅದನ್ನು ಸಾಕುವ ಬೆಟ್ಟ ಅದರ ಮೇಲಿರುತ್ತದೆ. ಮತ್ತಿ, ಹೊನ್ನೆ, ನಂದಿ ಮರಗಳ ಸೊಪ್ಪನ್ನು ಮರ ಸಾಯದ ಹಾಗೆ ಸವರಿ ತರುತ್ತಾರೆ. ಒಂದಿಷ್ಟು ನೇರ ಅಡಿಕೆ ಬುಡಕ್ಕೆ, ಮಿಕ್ಕದ್ದು ಕೊಟ್ಟಿಗೆಗೆ. ದನದ ಕಾಲಡಿ ಬಿದ್ದು, ಗಂಜಲ ಕುಡಿದು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ದರಕು ಗುಡಿಸಿ ತರುವುದು ಬೇರೆ. ಮಳೆಗೆ ತೋಟದ ಮಣ್ಣು ತೊಳೆದು ಹೋಗದಿರಲು, ಬೇಸಿಗೆಯಲ್ಲಿ ತೇವ ಆರದಿರಲು ಈ ಸೊಪ್ಪಿನ ಹಾಸೇ ಆಧಾರ. ಬೆಟ್ಟದಲ್ಲಿ ಇಂಗಿದ ನೀರು ಕೆಳಗೆ ಒರತೆಯಾಗಿ ಬರುತ್ತದೆ. ಸಣ್ಣ ತೋಟದ ರೈತ ಗೊಬ್ಬರ ಕೊಳ್ಳದೆ ತಲೆತಲಾಂತರ ಅದೇ ಜಾಗದಲ್ಲಿ ಅಡಿಕೆ, ಮೆಣಸು, ಏಲಕ್ಕಿ ಬೆಳೆದದ್ದು ಈ ಏರ್ಪಾಟಿನಿಂದ.

ಮನೆಗೆ ಬಂದು ಶಾಸನಗಳನ್ನು ಮತ್ತೆ ತಿರುವಿದೆ. ಮರಗಳು ಇಲ್ಲದೇ ಇಲ್ಲ. ಚತುಃಸೀಮೆ ಹೇಳುವಾಗ ಆಲ, ಹುಣಿಸೆ, ಹುತ್ತ, ಹಳ್ಳ, ಮೊರಡಿ ಎಲ್ಲ ಬರುತ್ತವೆ, ಗಡಿಯ ಗುರುತಾಗಿ. ವಿಜಯನಗರದ ಸಂಸ್ಕೃತ ತಾಮ್ರಪಟಗಳಲ್ಲಿ ‘ಸಭೂರುಹಂ’ ಅನ್ನುವ ಒಂದು ಪದ ಇದೆ: ಮರಗಳ ಸಮೇತ. ಅದು ಕೊಟ್ಟ ಭೂಮಿಯೊಳಗಿನ ಮರಗಳ ಹಕ್ಕು. ತೋಟದ ಅಳತೆ ಹೇಳುವ ಸಾಲಿನ ಪಕ್ಕದಲ್ಲೇ ಅದಕ್ಕೆ ಸೊಪ್ಪು ಕೊಡುವ ಬೆಟ್ಟ ಇಷ್ಟು ಅಂತ ಬರೆದ ಶಾಸನ ನನ್ನ ಪಟ್ಟಿಯಲ್ಲಿ ಒಂದೂ ಸಿಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ದಾನಶಾಸನ ತೆರಿಗೆ ಬರುವ ಭೂಮಿಯ ಪತ್ರ. ತೆರಿಗೆ ಇಲ್ಲದ್ದನ್ನು ಕಲ್ಲಿನ ಮೇಲೆ ಅಳೆದು ಬರೆಯುವ ಗೋಜು ಯಾರಿಗೆ ಬೇಕು?

ಕಾಡಿಗೆ ಒಡೆಯರು ಇರಲಿಲ್ಲ ಅಂತ ಇದರ ಅರ್ಥವಲ್ಲ. 1801ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಾಡುಗಳು ಊರ ದೇವರ ಸ್ವತ್ತು, ಮರ ಕಡಿಯಲು ದೇವರ ಪೂಜಾರಿಯೂ ಆಗಿರುವ ಗೌಡನ ಅಪ್ಪಣೆ ಬೇಕು ಎಂದು ಬರೆದಿದ್ದಾನೆ. ಇದು ಸರ್ಕಾರ ಕಾಡಿಗೆ ಕೈಹಾಕದಂತೆ ತಡೆಯುವ ಹೂಟ ಅಂತ ಅವನಿಗೆ ಅನುಮಾನ. ಕಂಪನಿ ನೌಕರನಿಗೆ ಇನ್ನೇನು ಅನ್ನಿಸೀತು!

ಬೆಟ್ಟಕ್ಕೆ ಅಂಕಿ ಬಂದದ್ದು ಬ್ರಿಟಿಷರ ಕಾಲದಲ್ಲಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾಡು ಸರ್ಕಾರದ್ದಾಗುತ್ತ ಹೋದ ಹಾಗೆ ತೋಟಿಗರ ಸೊಪ್ಪಿನ ಸವಲತ್ತನ್ನು ಲೆಕ್ಕಕ್ಕೆ ಇಳಿಸಬೇಕಾಯಿತು. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಈ ಅಂಕಿಯನ್ನು ಹನ್ನೆರಡನೇ ಶತಮಾನಕ್ಕೆ ಹಾಗೇ ಅಂಟಿಸಲು ಬರುವುದಿಲ್ಲ. ಅಂದಿನ ದನ ಎಷ್ಟು, ಜನ ಎಷ್ಟು, ಎಲ್ಲ ಬೇರೆ. ಆದರೂ ಸಾವಿರ ಮರದ ತೋಟ ಅಂತ ಓದಿದಾಗ ಎರಡು ಎಕರೆಯನ್ನಷ್ಟೇ ಕಣ್ಣೆದುರು ತಂದುಕೊಳ್ಳುವುದು ಸರಿಯಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ಅದರ ಹಿಂದೆ ಹತ್ತೋ ಹದಿನಾರೋ ಎಕರೆ ಮರ ನಿಂತಿತ್ತು. ಪಟ್ಟಿಯ ಆದಾಯದ ಕಾಲಂ ಅಳಿಸಿಬಿಟ್ಟೆ.

ಮಾರನೇ ತಿಂಗಳು ಪಾಲಿನ ಅಳತೆಗೆ ಹೋದಾಗ ಬೆಟ್ಟವನ್ನೂ ಜಿಪಿಎಸ್ ಹಿಡಿದು ಸುತ್ತಿದೆ. ತೋಟ ಒಂದು ಎಕರೆ ಮೂವತ್ತು ಗುಂಟೆ. ಕಾಗದದಲ್ಲಿ ಬೆಟ್ಟ ಹದಿನಾಲ್ಕು ಎಕರೆ. ಸೊಪ್ಪು ಸಿಗುವ ಮರ ನಿಂತಿರುವುದು ಐದರಲ್ಲಿ. ಉಳಿದದ್ದು ಕರಡದ ಹುಲ್ಲು, ಯುಪಟೋರಿಯಂ ಕಳೆ. ಸಣ್ಣ ಮಗ ಬೆಟ್ಟದ ಬುಡದಲ್ಲಿ ಜೆಸಿಬಿ ಬಿಟ್ಟು ಇನ್ನೂ ಇನ್ನೂರು ಅಡಿಕೆ ಸಸಿ ಹಾಕಬೇಕು ಅಂತಿದ್ದ. ಸೊಪ್ಪು ಕಡಿಯಲು ಆಳು ಸಿಗದು, ಗೊಬ್ಬರ ಲಾರಿಯಲ್ಲಿ ಬರುತ್ತದೆ ಅನ್ನುವುದು ಅವನ ವಾದ. ಅದನ್ನು ಸುಳ್ಳು ಅನ್ನಲಾಗದು. ನಾನು ಎರಡು ಅಂಕಿಗಳನ್ನೂ ಒಂದೇ ಹಾಳೆಯಲ್ಲಿ ಬರೆದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಮಡಿಸಿ ಪಾಲುಪತ್ರದೊಳಗೆ ಇಟ್ಟರು.