ಎಸ್.ಡಿ.ಎಂ. ಧರ್ಮೋತ್ಥಾನ ಟ್ರಸ್ಟ್: ಜೀರ್ಣೋದ್ಧಾರದ ಹಣಕಾಸು ಮತ್ತು ಆಡಳಿತ

ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಕರ್ನಾಟಕದ ಪ್ರಾಚೀನ ದೇವಾಲಯಗಳು ಹಾಗೂ ಬಸದಿಗಳ ಜೀರ್ಣೋದ್ಧಾರಕ್ಕಾಗಿ 1991ರಲ್ಲಿ ಸ್ಥಾಪನೆಯಾದ ಸಂಸ್ಥೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಇದರ ಸ್ಥಾಪಕರು. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆ ಮನೆತನ ಶಿವಾಲಯದ ಆಡಳಿತ ನಡೆಸುತ್ತದೆ, ಮಾಧ್ವ ವೈಷ್ಣವ ಅರ್ಚಕರು ಪೂಜೆ ಸಲ್ಲಿಸುತ್ತಾರೆ. ಅದೇ ರೀತಿ ಈ ಟ್ರಸ್ಟ್ ಕೂಡ ಶೈವ, ವೈಷ್ಣವ, ಜೈನ ಎಂಬ ಭೇದವಿಲ್ಲದೆ ಇನ್ನೂರಕ್ಕೂ ಹೆಚ್ಚು ಪ್ರಾಚೀನ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ಪಾಲ್ಗೊಂಡಿದೆ.

ಒಂದು ಬಸದಿಯ ಜೀರ್ಣೋದ್ಧಾರಕ್ಕೆ ಹಣ ಎಲ್ಲಿಂದ ಬರುತ್ತದೆ, ಅದರ ಲೆಕ್ಕಕ್ಕೆ ಯಾರು ಹೊಣೆ, ಕೆಲಸ ಮುಗಿದ ನಂತರ ಕಟ್ಟಡವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ತಿಳಿಯಲು ಈ ಟ್ರಸ್ಟಿನ ಪದ್ಧತಿ ಉತ್ತಮ ಉದಾಹರಣೆ. ಬಸದಿಗೆ ದಾನ ನೀಡುವ ಅಥವಾ ಬಸದಿ ಸಮಿತಿಯಲ್ಲಿ ಸೇವೆ ಸಲ್ಲಿಸುತ್ತಿರುವ ಕುಟುಂಬಗಳಿಗೆ ತಿಳಿದಿರಬೇಕಾದ ನಿಯಮಗಳನ್ನೂ ಇಲ್ಲಿ ಸೇರಿಸಲಾಗಿದೆ.

ಶೇ. 40, ಶೇ. 40, ಶೇ. 20

ಕರ್ನಾಟಕ ಸರ್ಕಾರದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಸಹಯೋಗದಲ್ಲಿ ಕೈಗೊಳ್ಳುವ ಕಾಮಗಾರಿಗಳಲ್ಲಿ ಒಟ್ಟು ವೆಚ್ಚದ ಶೇ. 40ರಷ್ಟನ್ನು ಸರ್ಕಾರ, ಶೇ. 40ರಷ್ಟನ್ನು ಧರ್ಮೋತ್ಥಾನ ಟ್ರಸ್ಟ್, ಉಳಿದ ಶೇ. 20ರಷ್ಟನ್ನು ಸ್ಥಳೀಯರು ಭರಿಸುತ್ತಾರೆ. ಉದಾಹರಣೆಗೆ, ಒಂದು ಬಸದಿಯ ಕೆಲಸಕ್ಕೆ 50 ಲಕ್ಷ ರೂಪಾಯಿ ಬೇಕೆಂದಿಟ್ಟುಕೊಂಡರೆ, ಸರ್ಕಾರ ಮತ್ತು ಟ್ರಸ್ಟ್ ತಲಾ 20 ಲಕ್ಷ ಕೊಡುತ್ತವೆ. ಊರಿನವರು 10 ಲಕ್ಷ ಹೊಂದಿಸಬೇಕು.

ಈ ಮೂರು ಪಾಲುಗಳಲ್ಲಿ ಚಿಕ್ಕದಾದ ಶೇ. 20ರ ಪಾಲಿಗೇ ಆಡಳಿತದ ದೃಷ್ಟಿಯಿಂದ ಹೆಚ್ಚು ಮಹತ್ವ. ಕೈಯಿಂದ ಹಣ ಹಾಕಿದ ಊರಿನವರು ಕಲ್ಲು ಬಂದಿತೇ, ಗಾರೆ ಸರಿಯಾಗಿದೆಯೇ, ಸೂರು ಸೋರುತ್ತಿದೆಯೇ ಎಂದು ತಾವೇ ನೋಡುತ್ತಾರೆ. ಹಣ ಸಂಗ್ರಹಿಸಲು ಒಂದು ಸಮಿತಿ ಬೇಕಾಗುತ್ತದೆ. ಕಾಮಗಾರಿ ಮುಗಿದ ಮೇಲೆ ನಿತ್ಯಪೂಜೆ, ಶುಚಿತ್ವ, ಚಿಕ್ಕಪುಟ್ಟ ದುರಸ್ತಿಗಳ ಹೊಣೆ ಬೀಳುವುದೂ ಅದೇ ಸಮಿತಿಯ ಮೇಲೆ.

ಇದೇ ನಿಯಮದಲ್ಲಿ ಒಂದು ಕಷ್ಟವೂ ಇದೆ. ಒಂದೆರಡು ಜೈನ ಮನೆಗಳಷ್ಟೇ ಉಳಿದಿರುವ, ಉಳಿದವರೆಲ್ಲ ಬೆಂಗಳೂರು, ಮುಂಬಯಿ ಸೇರಿರುವ ಊರುಗಳಲ್ಲಿ ಶೇ. 20ರಷ್ಟನ್ನು ಹೊಂದಿಸುವುದು ಸುಲಭವಲ್ಲ. ಆದರೆ ದುರಸ್ತಿಯ ಅಗತ್ಯ ಹೆಚ್ಚಾಗಿರುವುದು ಇಂಥ ಊರಿನ ಬಸದಿಗಳಿಗೇ. ಊರು ಬಿಟ್ಟ ಕುಟುಂಬಗಳು ತಮ್ಮ ಮೂಲ ಬಸದಿಯೊಂದಿಗೆ ಸಂಪರ್ಕ ಉಳಿಸಿಕೊಂಡಿದ್ದರೆ ಮಾತ್ರ ಈ ಪಾಲು ತುಂಬುತ್ತದೆ.

ಹಿಂದೆ ಇದ್ದ ವ್ಯವಸ್ಥೆ

ಬಸದಿ ಕಟ್ಟಿಸುವಾಗಲೇ ಅದರ ಮುಂದಿನ ಖರ್ಚಿಗೂ ದಾರಿ ಮಾಡುವುದು ನಮ್ಮ ಹಿರಿಯರ ಕ್ರಮ. ಕರ್ನಾಟಕದ ಜೈನ ದತ್ತಿ ಶಾಸನಗಳಲ್ಲಿ ದೇವರ ಅಷ್ಟವಿಧಾರ್ಚನೆ, ಮುನಿಗಳ ಆಹಾರದಾನ ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಉದ್ದೇಶಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಒಡೆದ, ಬಿರುಕು ಬಿಟ್ಟ ಭಾಗಗಳನ್ನು ಸರಿಪಡಿಸುವ ಖರ್ಚನ್ನು ದಾನ ಕೊಡುವ ದಿನವೇ ಗೊತ್ತುಪಡಿಸುತ್ತಿದ್ದರು ಎಂಬುದು ಇದರ ಅರ್ಥ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದಾಗ, ಅದಕ್ಕೆ ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಡಲಾಯಿತು.

ವಿಜಯನಗರದ ಬುಕ್ಕರಾಯನ 1368ರ ಶಾಸನವನ್ನು ಜೈನರು ಮತ್ತು ಶ್ರೀವೈಷ್ಣವರ ನಡುವಿನ ಒಪ್ಪಂದವೆಂದು ಎಲ್ಲರೂ ಬಲ್ಲರು. ಅದರಲ್ಲಿ ಒಂದು ಹಣಕಾಸಿನ ಏರ್ಪಾಡೂ ಇದೆ. ರಾಜ್ಯದಲ್ಲಿರುವ ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಸಂಗ್ರಹಿಸಬೇಕು, ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳನ್ನು ಸರಿಪಡಿಸಿ ಸುಣ್ಣ ಹೊಡೆಸಬೇಕು. ವಸೂಲಿಯ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಗಿತ್ತು. ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾರು ಸಂಗ್ರಹಿಸಬೇಕು, ಯಾವುದಕ್ಕೆ ಖರ್ಚು ಮಾಡಬೇಕು ಎಂಬ ನಾಲ್ಕೂ ವಿಷಯಗಳು ಆ ಶಾಸನದಲ್ಲಿ ಸ್ಪಷ್ಟವಾಗಿವೆ.

ಈ ಆದಾಯದ ಮೂಲಗಳು 20ನೇ ಶತಮಾನದಲ್ಲಿ ಬತ್ತಿದವು. ಹಳೆಯ ಮೈಸೂರು ಭಾಗದಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ ಜಾರಿಗೆ ಬಂದಿತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯಂತೆ ಗೇಣಿಗೆ ಕೊಟ್ಟಿದ್ದ ಜಮೀನು ಸರ್ಕಾರದ ವಶವಾಗಿ, ಉಳುವ ಗೇಣಿದಾರರಿಗೆ ಸೇರಿತು. ಉಳುವವನಿಗೆ ಭೂಮಿ ಸಿಕ್ಕಿತು, ಅದು ನ್ಯಾಯವೇ. ಆದರೆ ಬಸದಿಯ ಕಣಜಕ್ಕೆ ಬರುತ್ತಿದ್ದ ಗೇಣಿ ಅಕ್ಕಿ ನಿಂತಿತು. ಬದಲಿಗೆ ದೊರೆತ ವರ್ಷಾಸನ ನಿಗದಿತ ಮೊತ್ತದ್ದು. ಬೆಲೆ ಏರಿದಂತೆ ಅದು ಏರಲಿಲ್ಲ.

ಹೀಗಾಗಿ ಇಂದಿನ ಬಸದಿಗಳಿಗೆ ಎರಡು ಬಗೆಯ ಹಣ ಬೇಕು. ಒಮ್ಮೆ ಮಾಡುವ ಜೀರ್ಣೋದ್ಧಾರದ ಹಣ ಮತ್ತು ಪ್ರತಿವರ್ಷದ ನಿರ್ವಹಣೆಯ ಹಣ. ಶೇ. 40, 40, 20ರ ಪದ್ಧತಿ ಮೊದಲನೆಯದನ್ನು ಪೂರೈಸುತ್ತದೆ. ಎರಡನೆಯದು ಸಮಾಜದ್ದೇ ಹೊಣೆ.

ಯಾವ ಬಸದಿಯ ಕೆಲಸವನ್ನು ಯಾರು ಮಾಡಬಹುದು?

ಕೆಲಸಕ್ಕೆ ಹಣ ಸಂಗ್ರಹಿಸುವ ಮೊದಲು ಬಸದಿ ಯಾವ ವರ್ಗಕ್ಕೆ ಸೇರಿದೆ ಎಂದು ತಿಳಿಯಬೇಕು.

ಕೇಂದ್ರ ಸಂರಕ್ಷಿತ ಸ್ಮಾರಕಗಳು: ಲಕ್ಕುಂಡಿಯ ಬ್ರಹ್ಮ ಜಿನಾಲಯ, ಹಳೇಬೀಡಿನ ಪಾರ್ಶ್ವನಾಥ ಬಸದಿ, ಕಾರ್ಕಳದ ಚತುರ್ಮುಖ ಬಸದಿ ಮೊದಲಾದವು 1958ರ ಕಾಯ್ದೆಯಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಇಲಾಖೆಯ ಅನುಮತಿಯಿಲ್ಲದೆ ಇಲ್ಲಿ ದುರಸ್ತಿ ಮಾಡುವಂತಿಲ್ಲ. 2010ರ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಇಂಥ ಸ್ಮಾರಕಕ್ಕೆ ನೆರವಾಗಬಯಸುವವರು 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕ, ನಿರ್ದಿಷ್ಟ ಯೋಜನೆಯನ್ನು ಸೂಚಿಸಿ ದಾನ ನೀಡಬಹುದು.

ರಾಜ್ಯ ಸಂರಕ್ಷಿತ ಸ್ಮಾರಕಗಳು: ಇವು ರಾಜ್ಯದ 1961ರ ಕಾಯ್ದೆಗೆ ಒಳಪಟ್ಟಿವೆ. ರಾಜ್ಯ ಪುರಾತತ್ವ ಇಲಾಖೆಯ ಒಪ್ಪಿಗೆ ಅಗತ್ಯ.

ಸಂರಕ್ಷಿತವಲ್ಲದ ಬಸದಿಗಳು: ಹಳ್ಳಿಗಳಲ್ಲಿರುವ ಅನೇಕ ಬಸದಿಗಳು ಈ ವರ್ಗದವು. ಮನೆತನ, ಮಠ, ಊರಿನ ಸಮಿತಿ ಇವುಗಳಲ್ಲಿ ಒಂದರ ಆಡಳಿತದಲ್ಲಿರುತ್ತವೆ. ಜಮೀನಿನ ದಾಖಲೆ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ತೀರಿಕೊಂಡ ಹಿರಿಯರ ಹೆಸರಿನಲ್ಲೇ ಪಹಣಿ ಉಳಿದಿದ್ದರೆ, ಸರ್ಕಾರದ ನೆರವು ಪಡೆಯುವಾಗ ತೊಡಕಾಗುತ್ತದೆ, ಮುಂದೆ ವ್ಯಾಜ್ಯಕ್ಕೂ ಕಾರಣವಾಗುತ್ತದೆ.

ದಾನ ಮತ್ತು ತೆರಿಗೆ

ಆದಾಯ ತೆರಿಗೆ ವಿನಾಯಿತಿ ಪಡೆಯಲು ಟ್ರಸ್ಟ್ ಇಲಾಖೆಯಲ್ಲಿ ನೋಂದಣಿ ಹೊಂದಿರಬೇಕು. ವರ್ಷದ ಆದಾಯದ ಶೇ. 85ರಷ್ಟನ್ನು ತನ್ನ ಉದ್ದೇಶಕ್ಕಾಗಿ ಬಳಸಬೇಕು. ದೊಡ್ಡ ಕಾಮಗಾರಿಗಾಗಿ ಹೆಚ್ಚು ಹಣ ಕೂಡಿಡಬೇಕಾದರೆ, ಉದ್ದೇಶವನ್ನು ಇಲಾಖೆಗೆ ಬರೆದು ತಿಳಿಸಿ ಐದು ವರ್ಷಗಳವರೆಗೆ ಇಡಬಹುದು.

ಮೂಲನಿಧಿ ಇದಕ್ಕಿಂತ ಭಿನ್ನ. ದಾನಿಯು ಈ ಹಣ ಮೂಲನಿಧಿಗೆ ಎಂದು ಲಿಖಿತವಾಗಿ ತಿಳಿಸಿದರೆ, ಟ್ರಸ್ಟ್ ಅದನ್ನು ಕಾನೂನು ಒಪ್ಪುವ ಠೇವಣಿಯಲ್ಲಿ ಇರಿಸಿ ಅದರ ಆದಾಯವನ್ನು ಬಳಸುತ್ತದೆ. ಹಿಂದೆ ದತ್ತಿ ಗ್ರಾಮ ಮಾಡುತ್ತಿದ್ದ ಕೆಲಸವನ್ನು ಇಂದು ಮೂಲನಿಧಿ ಮಾಡಬಲ್ಲದು. ಒಂದು ಬಸದಿಯ ವಾರ್ಷಿಕ ನಿರ್ವಹಣೆಗೆ 60,000 ರೂಪಾಯಿ ಬೇಕಿದ್ದು, ಠೇವಣಿಗೆ ಶೇ. 6ರ ಬಡ್ಡಿ ಬರುವುದಾದರೆ 10 ಲಕ್ಷದ ಮೂಲನಿಧಿ ಸಾಕು. ಆದರೆ ಬೆಲೆ ಏರಿಕೆಯನ್ನು ಎದುರಿಸಲು ಪ್ರತಿವರ್ಷ ಬಡ್ಡಿಯ ಒಂದು ಭಾಗವನ್ನು ಮತ್ತೆ ನಿಧಿಗೆ ಸೇರಿಸಬೇಕು.

80ಜಿ ರಿಯಾಯಿತಿ ಎಲ್ಲ ಬಸದಿಗಳ ದಾನಕ್ಕೂ ತಾನಾಗಿ ಸಿಗುವುದಿಲ್ಲ. ಸಂಸ್ಥೆಗೆ ಅದರ ಅನುಮೋದನೆ ಇರಬೇಕು, ಇಲ್ಲವೇ ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವದ ಪೂಜಾಸ್ಥಳವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಕಟ್ಟಡದ ದುರಸ್ತಿಗೆ ಆ ದಾನ ಸಂದಿರಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೂ ಅದು ದೊರೆಯುವುದಿಲ್ಲ.

ಹೊರದೇಶದಲ್ಲಿರುವ ಬಂಧುಗಳು ಭಾರತೀಯ ಪಾಸ್‌ಪೋರ್ಟ್ ಹೊಂದಿದ್ದು ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅನ್ಯ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುತ್ತದೆ. ಅದನ್ನು ಸ್ವೀಕರಿಸಲು ಟ್ರಸ್ಟಿಗೆ 2010ರ ಕಾಯ್ದೆಯಡಿ ಅನುಮತಿ ಇರಬೇಕು.

ಲೆಕ್ಕ ಮತ್ತು ಹೊಣೆ

ಬಸದಿ ಸಮಿತಿಗಳಲ್ಲಿ ಬರುವ ಮನಸ್ತಾಪಗಳಿಗೆ ಎಲ್ಲ ಸಲವೂ ಅಪ್ರಾಮಾಣಿಕತೆ ಕಾರಣವಲ್ಲ. ಎಷ್ಟೋ ಸಲ ಲೆಕ್ಕವನ್ನು ಬೇರೆಬೇರೆಯಾಗಿ ಇಡದಿರುವುದೇ ಕಾರಣ. ಜೀರ್ಣೋದ್ಧಾರ, ಪಂಚಕಲ್ಯಾಣ ಮಹೋತ್ಸವ, ಆಹಾರದಾನ ಎಲ್ಲದರ ಹಣ ಒಂದೇ ಖಾತೆಯಲ್ಲಿ ಸೇರಿದರೆ, ಕಲ್ಲಿಗೆಂದು ಕೊಟ್ಟದ್ದು ಚಪ್ಪರಕ್ಕೆ ಖರ್ಚಾಗಬಹುದು. ಒಂದು ಉದ್ದೇಶಕ್ಕೆ ಬಂದ ಹಣವನ್ನು ದಾನಿಯ ಒಪ್ಪಿಗೆಯಿಲ್ಲದೆ ಇನ್ನೊಂದಕ್ಕೆ ಬಳಸಬಾರದು ಎಂಬುದು ಕಾನೂನಿನ ತತ್ವವೂ ಹೌದು, ದೇವದ್ರವ್ಯದ ವಿಷಯದಲ್ಲಿ ನಮ್ಮ ಸಂಪ್ರದಾಯವೂ ಹೌದು.

ಸವಾಲಿನಲ್ಲಿ ಕೂಗಿದ ಕಲಶದ ಮೊತ್ತದ ಬಗ್ಗೆಯೂ ಎಚ್ಚರ ಬೇಕು. ಕೂಗಿದ ಮೊತ್ತ ಬರಬೇಕಾದ ಹಣ, ಬಂದ ಹಣವಲ್ಲ. ಅದನ್ನೇ ನಂಬಿ ಗುತ್ತಿಗೆ ಕೊಟ್ಟು, ಅರ್ಧಕ್ಕೆ ನಿಂತ ಕೆಲಸಗಳಿವೆ. ಸೂರು ಬಿಚ್ಚಿದ ಬಸದಿ ಒಂದು ಮಳೆಗಾಲ ಹಾಗೆಯೇ ನಿಂತರೆ, ನೂರು ವರ್ಷದಲ್ಲಿ ಆಗದ ಹಾನಿ ನಾಲ್ಕು ತಿಂಗಳಲ್ಲಿ ಆಗುತ್ತದೆ.

ಟ್ರಸ್ಟ್ ಪತ್ರದಲ್ಲಿ ಧರ್ಮದರ್ಶಿಗಳ ಸಂಖ್ಯೆ, ಅವಧಿ, ಸಭೆಯ ಕೋರಂ, ತೆರವಾದ ಸ್ಥಾನ ತುಂಬುವ ಕ್ರಮ, ಬ್ಯಾಂಕಿಗೆ ಇಬ್ಬರ ಸಹಿ, ವಾರ್ಷಿಕ ಲೆಕ್ಕಪರಿಶೋಧನೆ, ಟ್ರಸ್ಟ್ ಮುಚ್ಚಿದರೆ ಆಸ್ತಿ ಯಾರಿಗೆ ಎಂಬ ವಿವರಗಳಿರಬೇಕು. ಸಮಿತಿಯು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆಯಬೇಕು, ರಿಜಿಸ್ಟ್ರಾರರಿಗೆ ಲೆಕ್ಕ ಸಲ್ಲಿಸಬೇಕು.

ಸಾರ್ವಜನಿಕ ಧಾರ್ಮಿಕ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಲೆಕ್ಕ ಕೇಳಲು, ಧರ್ಮದರ್ಶಿಯನ್ನು ಬದಲಿಸಲು, ಹೊಸ ಆಡಳಿತ ಯೋಜನೆ ರೂಪಿಸಲು ದಾವೆ ಹೂಡಬಹುದು. ಇದು ಕೊನೆಯ ದಾರಿ. ವರ್ಷಕ್ಕೊಮ್ಮೆ ಬಸದಿಯ ಗೋಡೆಗೆ ಲೆಕ್ಕಪತ್ರ ಅಂಟಿಸುವ ಊರುಗಳಲ್ಲಿ ಇದರ ಅಗತ್ಯ ಬೀಳುವುದು ವಿರಳ.

ದಾನ ನೀಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಬಸದಿ ಸಂರಕ್ಷಿತ ಸ್ಮಾರಕವೇ? ಹೌದಾದರೆ ಇಲಾಖೆಯ ಅನುಮತಿ ಇದೆಯೇ?
2. ಜಮೀನು ಮತ್ತು ಕಟ್ಟಡದ ದಾಖಲೆ ಯಾರ ಹೆಸರಿನಲ್ಲಿದೆ?
3. ಜೀರ್ಣೋದ್ಧಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇದೆಯೇ?
4. ಅಂದಾಜು ವೆಚ್ಚ ಎಷ್ಟು, ಕೈಗೆ ಬಂದಿರುವ ಹಣ ಎಷ್ಟು?
5. ಹಳೆಯ ಕಲ್ಲು, ಶಾಸನ, ಜಿನಬಿಂಬಗಳ ಛಾಯಾಚಿತ್ರ ಸಹಿತ ಪಟ್ಟಿ ಸಿದ್ಧವಾಗಿದೆಯೇ?
6. ಕಳೆದ ವರ್ಷದ ಪರಿಶೋಧಿತ ಲೆಕ್ಕ ಸಿಗುತ್ತದೆಯೇ?
7. ಕೆಲಸ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಗೆ ಮೂಲನಿಧಿ ಇದೆಯೇ?

ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಜೀರ್ಣೋದ್ಧಾರದ ಫಲಕದಲ್ಲಿ ದಾನಿಗಳ ಹೆಸರು ಕೆತ್ತಿಸುವುದು ರೂಢಿ. ಮಾಡಿನ ಮೇಲೆ ಬೆಳೆದ ಅಶ್ವತ್ಥದ ಸಸಿಯನ್ನು ಪ್ರತಿವರ್ಷ ಕೀಳಿಸುವ, ಮಳೆನೀರಿನ ಕಾಲುವೆ ಶುಚಿ ಮಾಡಿಸುವ ಖರ್ಚಿಗೆ ಫಲಕ ಇರುವುದಿಲ್ಲ. ಬಸದಿ ಮುಂದಿನ ಜೀರ್ಣೋದ್ಧಾರದವರೆಗೆ ಗಟ್ಟಿಯಾಗಿ ನಿಲ್ಲುವುದು ಆ ಖರ್ಚಿನಿಂದಲೇ. ದಾನ ನೀಡುವ ಕುಟುಂಬಗಳು ತಮ್ಮ ದಾನದ ಒಂದು ಪಾಲನ್ನು ಮೂಲನಿಧಿಗೆಂದು ಬರೆದುಕೊಟ್ಟರೆ ಅದಕ್ಕೆ ದಾರಿಯಾಗುತ್ತದೆ.