ಹಳೆಯ ಕಾರಿನ ಎ.ಸಿ.: ಬಿಡಿಭಾಗಗಳ ಬದಲಾವಣೆ

ಗ್ಯಾಸ್ ಮುಗಿಯುವುದಿಲ್ಲ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರಸ್ತೆಗಳಲ್ಲಿ ಹತ್ತು ಹದಿನೈದು ವರ್ಷ ಓಡಿದ ಕಾರಿನ ಎ.ಸಿ. ಬೇಸಗೆಯ ಹೊತ್ತಿಗೆ ಬರೀ ಗಾಳಿ ಊದತೊಡಗಿದರೆ, ಮೊದಲು ಕೇಳಿಬರುವ ಮಾತು ‘ಗ್ಯಾಸ್ ಖಾಲಿಯಾಗಿದೆ’. ಆದರೆ ಈ ಅನಿಲ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಅನಿಲ ಸುತ್ತುತ್ತಿರುತ್ತದೆ. ರಬ್ಬರ್ ಕೊಳವೆಗಳ ಮೂಲಕ ವರ್ಷಗಳಲ್ಲಿ ಅಲ್ಪಸ್ವಲ್ಪ ಜಿನುಗುವುದುಂಟು. ಪ್ರತಿ ಬೇಸಗೆಯೂ ತುಂಬಿಸಬೇಕಾದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ.

ಕೆಲಸ ಮಾಡುವ ಬಗೆ

ಮಣ್ಣಿನ ಹೂಜಿ ಬೆವರಿ ನೀರನ್ನು ತಣ್ಣಗಿಡುವ ತತ್ತ್ವವೇ ಇಲ್ಲಿಯೂ ಇದೆ: ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಹೂಜಿಯ ಆವಿ ಗಾಳಿಪಾಲು. ಕಾರಿನಲ್ಲಿ ಅದನ್ನು ಹಿಡಿದು ಮತ್ತೆ ದ್ರವವಾಗಿಸಲಾಗುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ; ಒತ್ತಿದ ಅನಿಲ ಬಿಸಿಯಾಗುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖ ಕಳೆದುಕೊಂಡು ದ್ರವವಾಗುತ್ತದೆ. ಡ್ರೈಯರ್ ತೇವವನ್ನು ಹೀರಿದ ಮೇಲೆ, ಎಕ್ಸ್‌ಪ್ಯಾನ್ಶನ್ ವಾಲ್ವಿನ ಕಿರಿದಾದ ರಂಧ್ರ ದಾಟಿದೊಡನೆ ಒತ್ತಡ ಕುಸಿದು, ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ದ್ರವ ಕುದಿಯುತ್ತದೆ. ಇಂಥ ಎ.ಸಿ.ಗಳಲ್ಲಿ ಸುತ್ತುವ ಆರ್-134ಎ ಎಂಬ ಅನಿಲ ಸಾಮಾನ್ಯ ವಾಯುಭಾರದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವಂಥದ್ದು.

ಕೆಡುವ ಭಾಗಗಳು

ಊರಿನ ರಸ್ತೆಯ ಪೆಟ್ಟು ಮೊದಲು ಬೀಳುವುದು ಕಂಡೆನ್ಸರಿಗೆ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಡಾಂಬರಿನ ಮೇಲೆಯೇ ಹರಡಿ ಒಕ್ಕಣೆ ಮಾಡುವ ಕಡೆ ಹೊಟ್ಟು, ದೂಳು ಅದರ ತೆಳು ರೆಕ್ಕೆಗಳ ನಡುವೆ ತುಂಬಿಕೊಳ್ಳುತ್ತದೆ. ಗಾಳಿ ಆಡದಿದ್ದರೆ ಒತ್ತಡ ಏರಿ ಕಂಪ್ರೆಸರ್ ಬಳಲುತ್ತದೆ. ಇಷ್ಟಕ್ಕೇ ಹೊಸ ಕಂಡೆನ್ಸರ್ ಬೇಕಿಲ್ಲ. ರಭಸವಿಲ್ಲದ ನೀರಿನಲ್ಲಿ ತೊಳೆದರೆ ಸಾಕಾಗುವುದೇ ಹೆಚ್ಚು.

ಹಳೆಯ ಹಲವು ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇರಲಿಲ್ಲ. ದೂಳು ಒದ್ದೆಯಾದ ಕೂಲಿಂಗ್ ಕಾಯಿಲಿಗೆ ಅಂಟಿ, ಅಲ್ಯೂಮಿನಿಯಂ ಕ್ರಮೇಣ ಸವೆದು ತೂತಾಗುತ್ತದೆ. ಇದನ್ನು ಬದಲಿಸಲು ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಕಂಪ್ರೆಸರ್ ಒಳಗೇ ಪುಡಿಯಾಗಿದ್ದರೆ ಲೋಹದ ಚೂರುಗಳು ಕೊಳವೆಗಳಿಗೆಲ್ಲ ಹರಡಿರುತ್ತವೆ. ಅವನ್ನು ತೊಳೆಯದೆ ಹೊಸ ಕಂಪ್ರೆಸರ್ ಕೂರಿಸುವುದು ದುಡ್ಡನ್ನು ಹೊಳೆಗೆ ಎಸೆದಂತೆ.

ಹಳೆಯ ಅನಿಲ

1990ರ ದಶಕದ ಮೊದಲ ಭಾಗದ ಕಾರುಗಳಲ್ಲಿ ಆರ್-12 ಇರುತ್ತಿತ್ತು. ಓಝೋನ್ ಪದರವನ್ನು ಸವೆಸುವ ಇಂಥ ಅನಿಲಗಳನ್ನು ಕೈಬಿಡಲು 1987ರ ಮಾಂಟ್ರಿಯಲ್ ಒಪ್ಪಂದ ಗೊತ್ತುಮಾಡಿತು. ಭಾರತ 1992ರಲ್ಲಿ ಅದನ್ನು ಸೇರಿತು. ಆರ್-12ರ ಜೊತೆಗಿದ್ದ ಖನಿಜ ಎಣ್ಣೆ ಅದರ ಬದಲಿಗೆ ಬಂದ ಆರ್-134ಎಯಲ್ಲಿ ಬೆರೆಯುವುದಿಲ್ಲ. ಆದ್ದರಿಂದ ಅನಿಲ ಬದಲಾದರೆ ಎಣ್ಣೆಯೂ ಬದಲಾಗಬೇಕು. ಇಲ್ಲವಾದರೆ ಎಣ್ಣೆ ಸರಿಯಾಗಿ ಹಿಂತಿರುಗದೆ ಕಂಪ್ರೆಸರ್ ಒಣಗಿ ಸವೆಯುತ್ತದೆ.

ಬದಲಿಸುವ ಕ್ರಮ

ಉಳಿದ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಹೊರತೆಗೆದ ಮೇಲೆಯೇ ಜೋಡಣೆಗಳನ್ನು ಬಿಚ್ಚಬೇಕು. ಬಿಚ್ಚಿದ ಕಡೆಯ ಓ-ರಿಂಗ್‌ಗಳನ್ನೂ ಡ್ರೈಯರನ್ನೂ ಹೊಸದಾಗಿ ಹಾಕಬೇಕು. ಗಾಳಿಗೆ ತೆರೆದ ಡ್ರೈಯರ್ ಬೇಗನೆ ತೇವ ಕುಡಿದು ಕೆಲಸಕ್ಕೆ ಬಾರದಾಗುತ್ತದೆ. ಖರ್ಚು ಉಳಿಸಲು ಜನ ಬಿಟ್ಟುಬಿಡುವುದೂ ಇದನ್ನೇ. ಒಳಗುಳಿದ ತೇವ ವಾಲ್ವಿನಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟಬಲ್ಲದು, ಎಣ್ಣೆಯೊಡನೆ ಸೇರಿ ಆಮ್ಲವನ್ನೂ ಉಂಟುಮಾಡಬಲ್ಲದು.

ಜೋಡಣೆ ಮುಗಿದ ಮೇಲೆ ಸುಮಾರು ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ನಡೆಸಲಾಗುತ್ತದೆ. ನಿರ್ವಾತದಲ್ಲಿ ನೀರು ಸಾಧಾರಣ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬೀಳುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಅಲ್ಲಾಡದೆ ನಿಂತರೆ ಮಾತ್ರ ಮುಂದಿನ ಕೆಲಸ. ಅನಿಲವನ್ನು ಅಂದಾಜಿನಲ್ಲಿ ತುಂಬಬಾರದು. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಗ್ರಾಂ ಲೆಕ್ಕ ಇದ್ದರೆ ಅದರಂತೆ, ಇಲ್ಲವಾದರೆ ತಯಾರಕರ ಕೈಪಿಡಿಯಂತೆ ತೂಗಿ ತುಂಬಬೇಕು. ಹೆಚ್ಚು ಹಾಕಿಸಿದರೆ ತಂಪು ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ.